ಸುಚಿತ್ರಾಳ ಎಡಗೆನ್ನೆ

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು, ಬೇಕರಿಗೂ ಗೊಬ್ಬರದ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಒಂದು ಫೋಟೊ ಸ್ಟುಡಿಯೊ ಇದೆ. ಅದು ನನ್ನದು. ನನ್ನ ಹೆಸರು ರಘುನಾಥ್, ವಯಸ್ಸು ಅರವತ್ತಕ್ಕೆ ಎರಡು ಕಮ್ಮಿ. ಮೂವತ್ತೈದು ವರ್ಷದಿಂದ ಅಲ್ಲಿ ಕೂತು ಊರವರ ಮುಖದ ಕಲೆ ಅಳಿಸಿದ್ದೇನೆ. ರೀಲಿನ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ತಿದ್ದುತ್ತಿದ್ದೆವು, ಈಗ ಕಂಪ್ಯೂಟರಿನಲ್ಲಿ ತಿದ್ದುತ್ತೇವೆ. ಎರಡಕ್ಕೂ ನಮ್ಮ ಕಸುಬಿನಲ್ಲಿ ಒಂದೇ ಹೆಸರು, ಟಚಿಂಗ್.

ನನಗೆ ಕೆಲಸ ಕಲಿಸಿದವರು ತಿಪ್ಪೇರುದ್ರಪ್ಪ ಅಂತ, ಈಗಿಲ್ಲ. ಒಮ್ಮೆ ನಾನು ಒಬ್ಬ ಮೇಷ್ಟ್ರ ಫೋಟೊವನ್ನು ಹಣೆಯ ಮೇಲಿನ ಗಾಯದ ಗುರುತಿನ ಸಮೇತ ಕೊಟ್ಟುಬಿಟ್ಟೆ. ತಿಪ್ಪೇರುದ್ರಪ್ಪ ತಲೆಗೆ ಮೊಟಕಿದರು. "ಬಂದೋರು ಕನ್ನಡಿ ನೋಡಾಕೆ ಬಂದಿಲ್ಲ ಕಣಲೇ, ಫೋಟೊ ತೆಗೆಸಾಕೆ ಬಂದವ್ರೆ" ಅಂದರು. ಅಂದಿನಿಂದ ನನ್ನ ಅಂಗಡಿಯಿಂದ ಕಲೆ ಇರುವ ಒಂದು ಮುಖವೂ ಆಚೆ ಹೋಗಿಲ್ಲ. ಪಾಸ್‌ಪೋರ್ಟ್ ಸೈಜ್ ಇರಲಿ, ಮದುವೆ ಆಲ್ಬಮ್ ಇರಲಿ, ಗೋಡೆಗೆ ತೂಗುಹಾಕುವ ತೀರಿಕೊಂಡವರ ಫೋಟೊ ಇರಲಿ, ಎಲ್ಲವೂ ಟಚಿಂಗ್ ಆಗಿಯೇ ಹೋಗಬೇಕು. ಇದನ್ನೇ ನಾನು ದೊಡ್ಡ ಗುಣ ಅಂತ ತಿಳಿದಿದ್ದೆ.

ಈಗ ಬರೆಯಲು ಹೊರಟಿರುವುದು ನನ್ನ ಬಗ್ಗೆ ಅಲ್ಲ, ಸುಚಿತ್ರಾಳ ಬಗ್ಗೆ. ಅವಳ ಬಗ್ಗೆ ಯಾರೂ ಬರೆಯುವುದಿಲ್ಲ. ಪೇಪರಿನಲ್ಲಿ ಬರುವಂಥದ್ದು ಅವಳೇನೂ ಮಾಡಿಲ್ಲ. ದಿನಾ ಬೆಳಿಗ್ಗೆ ಚಿಕ್ಕಜಾಜೂರಿನಿಂದ ಬಸ್ಸು ಹತ್ತಿ ಬಂದು, ಸಂಜೆಯವರೆಗೆ ಕಂಡವರ ಮುಖ ಚೊಕ್ಕ ಮಾಡಿ, ಮತ್ತೆ ಬಸ್ಸು ಹತ್ತಿ ಹೋಗುತ್ತಾಳೆ, ಅಷ್ಟೆ.

ಅವಳ ತಂದೆ ಮುನಿಯಪ್ಪನವರದು ಕೂಲಿ ಕೆಲಸ. ತಾಯಿ ಪುಟ್ಟಕ್ಕ ಚಿಕ್ಕಜಾಜೂರು ಸ್ಟೇಷನ್ ಹತ್ತಿರದ ಮೆಸ್ ಒಂದರಲ್ಲಿ ರೈಲ್ವೆಯವರಿಗೆ ರೊಟ್ಟಿ ತಟ್ಟುತ್ತಾರೆ. ಸುಚಿತ್ರಾ ಪಿಯುಸಿ ಮುಗಿಸಿ, ಆರು ತಿಂಗಳು ಕಂಪ್ಯೂಟರ್ ಕಲಿತು, ಹತ್ತೊಂಬತ್ತನೇ ವಯಸ್ಸಿಗೆ ನನ್ನ ಅಂಗಡಿಗೆ ಬಂದಳು. ಬಂದ ವರ್ಷವೇ ನನಗಿಂತ ಚೆನ್ನಾಗಿ ಕೆಲಸ ಮಾಡತೊಡಗಿದಳು. ನಾನು ಟಚಿಂಗ್ ಮಾಡಿದ ಮುಖ ಮೇಣದ ಗೊಂಬೆಯ ಹಾಗೆ ನುಣ್ಣಗಾಗುತ್ತದೆ. ಅದು ನನ್ನ ಹಳೆಯ ದೋಷ, ಪೆನ್ಸಿಲಿನ ಕಾಲದ್ದು. ಅವಳು ಮಾಡಿದರೆ ಕಲೆ ಹೋಗಿರುತ್ತದೆ, ಚರ್ಮ ಚರ್ಮದ ಹಾಗೆಯೇ ಇರುತ್ತದೆ. "ಸರ್, ಇದು ನಿಮ್ಮ ಕೈಯಿಂದು" ಅಂತ ಹಳೆಯ ಫೋಟೊಗಳನ್ನು ದೂರದಿಂದ ನೋಡಿಯೇ ಹೇಳಿ ನಗುತ್ತಿದ್ದಳು. ಆಗ ನಗುತ್ತಿದ್ದಳು.

ಬರುವಾಗಲೇ ಅವಳ ಮುಖದಲ್ಲಿ ಮೊಡವೆ ಇದ್ದವು. ಆ ವಯಸ್ಸಿಗೆ ಯಾರಿಗಿರುವುದಿಲ್ಲ ಅಂತ ನಾನು ಗಮನ ಕೊಡಲಿಲ್ಲ. ಇಪ್ಪತ್ತೊಂದು ದಾಟುತ್ತಿದ್ದ ಹಾಗೆ ಅವು ಮೊಡವೆ ಅನ್ನಿಸಿಕೊಳ್ಳುವ ಹಂತ ಮೀರಿದವು. ಕೆನ್ನೆಯ ತುಂಬ, ದವಡೆಯ ಅಂಚಿನಲ್ಲಿ, ಕುತ್ತಿಗೆಯವರೆಗೆ ಗಂಟುಗಂಟಾಗಿ ಎದ್ದವು. ಒಳಗೇ ಕೀವು ಕಟ್ಟಿ ವಾರಗಟ್ಟಲೆ ನೋಯುವವು. ರಾತ್ರಿ ಯಾವ ಮಗ್ಗುಲಿಗೆ ಮಲಗಿದರೂ ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಚುಕ್ಕೆ ಇರುತ್ತದೆ ಅಂತ ಪುಟ್ಟಕ್ಕ ಒಮ್ಮೆ ನನಗೆ ಹೇಳಿದರು. ಕೊರೊನಾ ಹೋಗಿ ಎಲ್ಲರೂ ಮಾಸ್ಕ್ ತೆಗೆದರೂ ಸುಚಿತ್ರಾ ತೆಗೆಯಲಿಲ್ಲ. ಅದರ ಬೆವರಿಗೆ ಇನ್ನಷ್ಟು ಹೆಚ್ಚಾಯಿತು.

ಜನ ಸುಮ್ಮನಿರುತ್ತಾರೆಯೇ? ಬಂದವರೆಲ್ಲ ಡಾಕ್ಟರುಗಳೇ. ಒಬ್ಬರು ಅರಿಶಿನ ಅಂದರು, ಒಬ್ಬರು ಲೋಳೆಸರ ಅಂದರು, ಇನ್ನೊಬ್ಬರು ಟೂತ್‌ಪೇಸ್ಟ್ ಹಚ್ಚಿ ಮಲಗು ಅಂದರು. ಮದುವೆ ಮಾಡಿ ಬಿಡ್ರಿ, ತಾನೇ ಹೋಗುತ್ತವೆ ಅಂತ ಪುಟ್ಟಕ್ಕನಿಗೆ ಹೇಳಿದವರು ಎಷ್ಟು ಜನವೋ. ಪುಟ್ಟಕ್ಕ ಉಷ್ಣ ಅಂತ ಹೇಳಿ ಮಗಳಿಗೆ ಮಾವಿನ ಹಣ್ಣು, ಶೇಂಗಾ, ಮೊಟ್ಟೆ, ಬೆಲ್ಲ ಎಲ್ಲ ಬಿಡಿಸಿದರು. ಹುಡುಗಿ ಎರಡು ವರ್ಷ ಬಾಯಿ ಕಟ್ಟಿದಳು, ಮೊಡವೆ ನಿಲ್ಲಲಿಲ್ಲ. ಆಲ್ಬಮ್ ನೋಡಲು ಬಂದ ಮದುವೆ ಮನೆಯ ಹೆಂಗಸೊಬ್ಬಳು ಅವಳ ಎದುರಿಗೇ "ಮೊದ್ಲು ನಿನ್ನ ಮುಖಕ್ಕೆ ಟಚಿಂಗ್ ಮಾಡ್ಕ ಬಾರವ್ವ" ಅಂದುಬಿಟ್ಟಳು. ಸುಚಿತ್ರಾ ಮೌಸ್ ಬಿಡದೆ ಕೆಲಸ ಮುಂದುವರಿಸಿದಳು. ಮಾರನೆಯ ದಿನ ಬಂದು ನೋಡುತ್ತೇನೆ, ಗಿರಾಕಿಗಳು ತಲೆ ಬಾಚಿಕೊಳ್ಳಲು ಇಟ್ಟಿದ್ದ ಕನ್ನಡಿಯನ್ನು ತನ್ನ ಕುರ್ಚಿಗೆ ಕಾಣದ ಹಾಗೆ ಬೇರೆ ಗೋಡೆಗೆ ಹಾಕಿದ್ದಳು.

ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ಖಾಸಗಿ ಚರ್ಮದ ಡಾಕ್ಟರು ಬರೀ ಮುಖ ನೋಡುವುದಕ್ಕೆ ಕೇಳುವ ಹಣದಲ್ಲಿ ಅವರ ಮನೆಗೆ ವಾರದ ಸಾಮಾನು ಬರುತ್ತದೆ. ಹಾಗಾಗಿ ಬಡವರ ಮೊದಲ ಡಾಕ್ಟರು ಮೆಡಿಕಲ್ ಶಾಪಿನವನು. ಅವನು ಮಾಸ್ಕ್ ತೆಗೆಸಿ ನೋಡಿ, ಒಂದು ಸಣ್ಣ ಟ್ಯೂಬ್ ಕೊಟ್ಟ. ಅಗ್ಗದ್ದು. ಹಚ್ಚಿದ ನಾಲ್ಕೇ ದಿನಕ್ಕೆ ಮುಖ ತಿಳಿಯಾಯಿತು. ಅವಳು ಮಾಸ್ಕ್ ಇಲ್ಲದೆ ಅಂಗಡಿಗೆ ಬಂದಳು, ನನಗೂ ಖುಷಿಯಾಯಿತು. ಟ್ಯೂಬ್ ಮುಗಿಯಿತು, ಇಮ್ಮಡಿಯಾಗಿ ಎದ್ದವು. ಮತ್ತೊಂದು ಟ್ಯೂಬ್ ತಂದಳು. ಹೀಗೆ ಒಂದು ವರ್ಷ ನಡೆಯಿತು. ನಡುನಡುವೆ ಮಾತ್ರೆ ಕೂಡ, ಎರಡು ದಿನದ್ದು ಕೊಡ್ರಿ ಅಂದರೆ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರಲ್ಲ, ಹಾಗೆ. ಮಾತ್ರೆಯ ಹೆಸರು ಒಂದು ತುಂಡಿನಲ್ಲಿ ಹೋಗಿರುತ್ತದೆ, ಎಕ್ಸ್‌ಪೈರಿ ತಾರೀಕು ಇನ್ನೊಂದರಲ್ಲಿ.

ಹೋದ ವರ್ಷ ಜೂನ್ ತಿಂಗಳ ಒಂದು ಮಂಗಳವಾರ ಅವಳೇ ರಜೆ ಕೇಳಿದಳು. ಚಿತ್ರದುರ್ಗದ ಸರ್ಕಾರಿ ಆಸ್ಪತ್ರೆಗೆ ಹೋಗಿ ಬರುತ್ತೇನೆ ಅಂದಳು. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ದುರ್ಗ ಸ್ವಲ್ಪ ಹತ್ತಿರವಾಗಿತ್ತು. ಆದರೆ ನಮ್ಮ ರೂಟಿನಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ. ಆಧಾರ್ ಕಾರ್ಡು ಕೈಯಲ್ಲಿ ಹಿಡಿದು, ಮುಂದೆ ಹೋಗುವ ನಾಲ್ಕು ಖಾಸಗಿ ಬಸ್ಸು ಬಿಟ್ಟು, ಐದನೆಯದಾಗಿ ಬರುವ ಸರ್ಕಾರಿ ಬಸ್ಸಿಗೆ ಕಾಯಬೇಕು. ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಚೀಟಿಯ ಸಾಲು ಗೇಟಿನವರೆಗೆ ಬಂದಿತ್ತಂತೆ.

ಡಾಕ್ಟರ ಹೆಸರು ತೇಜಸ್ವಿನಿ. ಚಿಕ್ಕ ವಯಸ್ಸಿನವರು, ಒಳ್ಳೆಯವರು. ಟ್ಯೂಬ್ ನೋಡಿ ಕಸದ ಡಬ್ಬಿಗೆ ಹಾಕಿದರಂತೆ. "ಇದರಲ್ಲಿ ಸ್ಟೀರಾಯ್ಡ್ ಇದೆಯಮ್ಮ, ಮೊಡವೆಗೆ ಇದನ್ನು ಹಚ್ಚಬಾರದು. ಬಿಟ್ಟ ಮೇಲೆ ಮೊದಲು ಸ್ವಲ್ಪ ಜಾಸ್ತಿ ಆಗುತ್ತೆ, ಹೆದರಬೇಡ" ಅಂದರಂತೆ. ದಿನಕ್ಕೊಂದು ಮಾತ್ರೆ, ರಾತ್ರಿ ಹಚ್ಚುವ ಒಂದು ಮುಲಾಮು ಬರೆದುಕೊಟ್ಟರು. ಮಾತ್ರೆ ಆಸ್ಪತ್ರೆಯಲ್ಲೇ ಸಿಕ್ಕಿತು, ಮುಲಾಮು ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು. ಕೊನೆಗೆ ಅವರು ಹೇಳಿದ ಮಾತನ್ನು ಸುಚಿತ್ರಾ ಬಂದು ನನಗೆ ಒಪ್ಪಿಸಿದಳು.

"ಗುಳ್ಳೆ ವಾಸಿ ಆಗ್ತವಂತೆ ಸರ್. ಆದ್ರೆ ತಡ ಮಾಡಿದ್ರೆ ಗುಂಡಿ ಬೀಳ್ತವಂತೆ. ಗುಂಡಿ ಬಿದ್ರೆ ತುಂಬಾಕೆ ಲೇಸರ್ ಗೀಸರ್ ಅಂತ ಸಾವಿರಾರು ರೂಪಾಯಿ ಬೇಕಂತೆ. ಅದು ನಿನ್ನ ಕೈಲಿ ಆಗಲ್ಲ, ಅದಕ್ಕೇ ಈಗ್ಲೇ ಸರಿಯಾಗಿ ಮಾಡ್ಕ ಅಂದ್ರು."

ತಿಂಗಳು ತಿಂಗಳು ಬಾ ಅಂದರೆ ಅವಳಿಗೆ ದಿನದ ಸಂಬಳ ಹೋಗುತ್ತದೆ ಅಂತ ಡಾಕ್ಟರೇ ಒಂದು ದಾರಿ ಹೇಳಿದ್ದರು. ಪ್ರತಿ ತಿಂಗಳ ಮೊದಲ ವಾರ ಮೂರು ಫೋಟೊ ತೆಗೆದು ವಾಟ್ಸಾಪ್ ಮಾಡಬೇಕು. ಎದುರಿನಿಂದ ಒಂದು, ಎಡಕ್ಕೊಂದು, ಬಲಕ್ಕೊಂದು, ಒಳ್ಳೆಯ ಬೆಳಕಿನಲ್ಲಿ. ಗುಣ ಕಾಣದಿದ್ದರೆ ಇದಕ್ಕಿಂತ ಜೋರಾದ ಮಾತ್ರೆ ಶುರು ಮಾಡೋಣ ಅಂದಿದ್ದರು. ತಾನು ಸ್ಟುಡಿಯೋದಲ್ಲೇ ಕೆಲಸ ಮಾಡುವುದು ಅಂತ ಸುಚಿತ್ರಾ ಹೆಮ್ಮೆಯಿಂದಲೇ ಹೇಳಿ ಬಂದಿದ್ದಳು. ಅವಳ ಫೋನಿನ ಕ್ಯಾಮೆರಾ ಒಡೆದು ಎಲ್ಲ ಮಂಜುಮಂಜು. ಹಾಗಾಗಿ ನನ್ನ ಕ್ಯಾಮೆರಾ, ನನ್ನ ಲೈಟು, ನನ್ನ ಫೋನಿನಿಂದಲೇ ಕಳಿಸುವುದು ಅಂತಾಯಿತು.

ಜುಲೈ ತಿಂಗಳ ಮೊದಲ ವಾರ ಅವಳು ಪರದೆಯ ಹಿಂದಿನ ಸ್ಟೂಲಿನ ಮೇಲೆ ಕುಳಿತಳು. ಮಾಸ್ಕ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಮೂರು ಫೋಟೊ ತೆಗೆದೆ. ಎದ್ದವಳೇ ಮಾಸ್ಕ್ ಹಾಕಿಕೊಂಡು "ನೀವೇ ಕಳಿಸಿಬಿಡ್ರಿ ಸರ್, ನಾನು ನೋಡಲ್ಲ. ನೋಡಿದ್ರೆ ಊಟ ಸೇರಲ್ಲ" ಅಂತ ಬೇಕರಿಯ ಕಡೆ ಚಹಾ ತರಲು ಹೋದಳು.

ನಾನು ಕಂಪ್ಯೂಟರಿನ ಮುಂದೆ ಕೂತು ಅವಳ ಫೋಟೊ ತೆರೆದೆ. ಆಮೇಲೆ ಏನು ಮಾಡಿದೆನೋ ಅದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಟಚಿಂಗ್ ಮಾಡಿದೆ.

ಯೋಚಿಸಿ ಮಾಡಿದ್ದಲ್ಲ. ಮೂವತ್ತೈದು ವರ್ಷದ ಕೈ ಅದು. ಮುಖ ಕಂಡರೆ ಕಣ್ಣು ಮೊದಲು ಕಲೆ ಹುಡುಕುತ್ತದೆ, ಕೈ ಹಿಂದೆಯೇ ಹೋಗುತ್ತದೆ. ಊಟಕ್ಕೆ ಕೂತಾಗ ಕೈ ಬಾಯಿಗೆ ಹೋಗಬೇಕು ಅಂತ ಯಾರಾದರೂ ಯೋಚಿಸುತ್ತಾರೆಯೇ? ಅದರ ಜೊತೆಗೆ ಒಂದು ಆಸೆಯೂ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಓದಿದ ಡಾಕ್ಟರ ಫೋನಿನಲ್ಲಿ ನಮ್ಮ ಹುಡುಗಿಯ ಮುಖ ಅಷ್ಟು ಕೆಟ್ಟದಾಗಿ ಹೋಗಬಾರದು ಅನ್ನಿಸಿತು. ಪೂರ್ತಿ ಅಳಿಸಲಿಲ್ಲ, ಅಲ್ಲಲ್ಲಿ ಒಂದಿಷ್ಟು ಬಿಟ್ಟೆ. ದೊಡ್ಡ ಗಂಟುಗಳನ್ನು ಇಳಿಸಿದೆ, ಕೆಂಪು ತಗ್ಗಿಸಿದೆ. ಐದು ನಿಮಿಷದ ಕೆಲಸ. ಕಳಿಸಿದೆ, ಮರೆತೆ.

ಆಗಸ್ಟಿನಲ್ಲೂ ಹಾಗೇ ಆಯಿತು. ಸೆಪ್ಟೆಂಬರಿನಲ್ಲಿ ಗಣೇಶನ ಹಬ್ಬದ ಫೋಟೊಗಳ ರಾಶಿಯ ಮಧ್ಯೆ ಅವಳ ಮೂರು ಫೋಟೊ ಕೂಡ ತಿದ್ದಿದೆ. ಒಂದು ಮಾತು ಮಾತ್ರ ಎದೆ ಮುಟ್ಟಿಕೊಂಡು ಹೇಳಬೇಕು. ಆ ಮೂರು ತಿಂಗಳು ಅವಳ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ದೊಡ್ಡದು ಮಾಡಿ ನೋಡಿದವನು ನಾನೊಬ್ಬನೇ. ಎಡಗೆನ್ನೆಯ ಗಂಟುಗಳು ಕಡಿಮೆಯಾಗಿಲ್ಲ, ಒಂದರ ಪಕ್ಕ ಒಂದು ಎದ್ದು ಕೂಡಿಕೊಳ್ಳುತ್ತಿವೆ ಅನ್ನುವುದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಅದು ಕಾಯಿಲೆಯಾಗಿ ಕಾಣಲಿಲ್ಲ, ಕೆಲಸವಾಗಿ ಕಂಡಿತು. ಈ ಸಲ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಿತಲ್ಲ ಅಂದುಕೊಂಡೆ, ಅಷ್ಟೆ.

ಸೆಪ್ಟೆಂಬರಿನ ಫೋಟೊಗಳಿಗೆ ಡಾಕ್ಟರ ಉತ್ತರ ಮಾರನೆಯ ದಿನ ಬಂತು. ನಾನೇ ಜೋರಾಗಿ ಓದಿ ಹೇಳಿದೆ. ತುಂಬಾ ಸುಧಾರಿಸಿದೆ, ಮಾತ್ರೆ ಮೂರು ತಿಂಗಳಾಯಿತು, ಇನ್ನು ನಿಲ್ಲಿಸಬಹುದು, ಮುಲಾಮು ಮುಂದುವರಿಸಿ, ಮೂರು ತಿಂಗಳು ಬಿಟ್ಟು ಬಂದು ತೋರಿಸಿ ಅಂತ ಇತ್ತು.

ಸುಚಿತ್ರಾ ಮಾಸ್ಕಿನ ಮೇಲಿನಿಂದಲೇ ಕೆನ್ನೆ ಮುಟ್ಟಿಕೊಂಡಳು. "ಸುಧಾರಿಸೈತಾ ಸರ್? ನನ್ನ ಕೈಗೆ ಸಿಗೋದೇ ಬೇರೆ ಐತಲ್ಲ."

"ಅವ್ರು ಓದಿದೋರು ಕಣಮ್ಮ. ನಿನ್ನ ಕೈಗಿಂತ ಅವ್ರ ಕಣ್ಣಿಗೆ ಜಾಸ್ತಿ ಗೊತ್ತಾಗುತ್ತೆ" ಅಂದೆ. ನಾನೇ ಅಂದದ್ದು.

ಅವಳು ನಂಬಿದಳು. ಡಾಕ್ಟರು ನೋಡಿ ಹೇಳಿದ ಮೇಲೆ ತನ್ನ ಚರ್ಮ ತನಗೆ ಹೇಳುವುದನ್ನು ನಂಬುವುದು ಹೇಗೆ? ಪುಟ್ಟಕ್ಕ ಅದೇ ವಾರ ಕೈಯಲ್ಲಿ ಒಂದು ಡಬ್ಬಿ ಹಿಡಿದು ಅಂಗಡಿಗೆ ಬಂದರು. ಒಳಗೆ ಶೇಂಗಾ ಹೋಳಿಗೆ. "ನೀವು ಫೋಟೊ ಕಳಿಸಿದ್ದಕ್ಕೇ ಅಲ್ವಾ ಅಣ್ಣಾರೆ ಗುಣ ಆಗಿದ್ದು. ಎರಡು ವರ್ಷ ಆದ್ಮೇಲೆ ಅವ್ಳೂ ಒಂದು ತಿಂದ್ಲು" ಅಂದರು. ನಾನು ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಕೊಂಡು ತಿಂದೆ.

ಮಾತ್ರೆ ನಿಂತಿತು. ಅಕ್ಟೋಬರಿನಲ್ಲಿ ಅವಳು ಎಡಗಡೆಯಿಂದ ಅಗಿಯುವುದು ಬಿಟ್ಟಳು. ದೀಪಾವಳಿ ಕಳೆದು ಲಗ್ನಗಳು ಶುರುವಾದವು. ಒಂದೊಂದು ಮದುವೆಗೆ ಸಾವಿರಾರು ಫೋಟೊ, ಎಲ್ಲ ಅವಳ ತಲೆಯ ಮೇಲೆ. ಎರಡು ಸಲ ರಜೆ ಕೇಳಿದಳು. "ಆಲ್ಬಮ್ ಕೊಟ್ಟುಬಿಡಾಣ ತಡಿಯಮ್ಮ, ಡಾಕ್ಟ್ರು ಹೆಂಗೂ ಮೂರು ತಿಂಗ್ಳು ಬಿಟ್ಟು ಬಾ ಅಂದವ್ರೆ" ಅಂತ ನಾನೇ ತಡೆದೆ. ಅವಳು ಸರಿ ಅಂದಳು. ಅವಳು ಯಾವತ್ತೂ ಸರಿ ಅನ್ನುವವಳೇ. ಒಂದು ದಿನ ಮಧ್ಯಾಹ್ನ ಮಾಸ್ಕಿನ ಎಡಗಡೆ ಒದ್ದೆಯಾಗಿ ಹಳದಿ ಕಲೆ ಮೂಡಿತ್ತು. ಎದುರಿಗೆ ಮದುಮಗಳ ಮುಖ ಸ್ಕ್ರೀನಿನ ತುಂಬ ಇತ್ತು, ಇವಳು ಅದರ ಒಂದು ಸಣ್ಣ ಗುಳ್ಳೆಯನ್ನು ಅಳಿಸುತ್ತಿದ್ದಳು. ಸಾಕಾಗಿ ಹೋಯಿತು ನನಗೆ. ಮುಂದಿನ ಮಂಗಳವಾರ ಅಂಗಡಿಗೆ ಬೀಗ ಹಾಕಿ ನಾನೇ ಅವಳ ಜೊತೆ ಹೊರಟೆ.

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸದೆ ನೆಟ್ಟಗೆ ಕುಳಿತಿದ್ದಳು. ಕೆನ್ನೆ ಎಲ್ಲಿಗೆ ತಾಗಿದರೂ ನೋವು. ಚೀಟಿ ಮಾಡಿಸಿ, ಸಾಲಿನಲ್ಲಿ ಎರಡು ಗಂಟೆ ನಿಂತು, ಒಳಗೆ ಹೋದೆವು. ನಾನು ಬಾಗಿಲ ಪಕ್ಕ ನಿಂತೆ.

ಮಾಸ್ಕ್ ತೆಗೆದಾಗ ಡಾಕ್ಟರು ಕುರ್ಚಿಯಿಂದ ಮುಂದೆ ಬಾಗಿ ನೋಡಿದರು. ಆಮೇಲೆ ತಮ್ಮ ಫೋನ್ ತೆಗೆದು ಹಿಂದೆ ಹಿಂದೆ ಹೋಗಿ ಒಂದು ಫೋಟೊ ತೆರೆದರು. ಫೋಟೊ ನೋಡಿದರು, ಅವಳನ್ನು ನೋಡಿದರು, ಮತ್ತೆ ಫೋಟೊ ನೋಡಿದರು.

"ಇದು ಯಾರ ಮುಖ?" ಅಂದರು.

ಫೋನ್ ಅವಳ ಕಡೆ ತಿರುಗಿಸಿದರು. ಆ ಫೋಟೊವನ್ನು ಸುಚಿತ್ರಾ ನೋಡಿದ್ದು ಅದೇ ಮೊದಲು. ಬಾಗಿಲ ಪಕ್ಕದಿಂದಲೂ ನನಗೆ ಕಾಣಿಸಿತು, ಮೇಣದ ಗೊಂಬೆಯ ಹಾಗೆ ನುಣುಪಾದ ಕೆನ್ನೆ. ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳಲ್ಲ, ಇದು ನಿಮ್ಮ ಕೈಯಿಂದು ಅಂತ. ಅವಳಿಗೆ ಎಲ್ಲ ಅರ್ಥವಾಯಿತು. ನನಗೂ ಆಗಲೇ ಅರ್ಥವಾದದ್ದು. ಅಲ್ಲಿಯವರೆಗೆ ಹೊಳೆಯಲೇ ಇಲ್ಲ ಅಂದರೆ ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

"ನೀನು ಸ್ಟುಡಿಯೋದಲ್ಲಿ ಕೆಲಸ ಮಾಡೋದು ಅಂದಿದ್ದೆ ಅಲ್ವಾ? ಎಡಿಟ್ ಮಾಡಿ ಕಳಿಸಿದ್ದೀಯಾ?" ಡಾಕ್ಟರ ದನಿ ಏರಿತು. "ಯಾರಿಗೆ ಮೋಸ ಮಾಡಿದ್ದಮ್ಮ ಇದು? ಇದನ್ನು ನಂಬಿ ಮಾತ್ರೆ ನಿಲ್ಲಿಸಿದೆ ನಾನು. ಆಗಲೇ ಜೋರು ಮಾತ್ರೆ ಶುರು ಮಾಡಬೇಕಿತ್ತು."

ನಾನು ಆಗ ಮಾತಾಡಬೇಕಿತ್ತು. ಮೂರು ಹೆಜ್ಜೆ ಮುಂದೆ ಹೋಗಿ ಮೇಡಂ, ಅವಳಲ್ಲ, ನಾನು ಅನ್ನಬೇಕಿತ್ತು. ನಾಲಿಗೆ ಏಳಲಿಲ್ಲ. ಸುತ್ತ ಜನ ಇದ್ದರು, ನರ್ಸು ಇದ್ದಳು, ನನ್ನ ನರೆತ ತಲೆ ಇತ್ತು.

ಸುಚಿತ್ರಾ ನನ್ನ ಕಡೆ ತಿರುಗಿ ನೋಡಲಿಲ್ಲ. "ಹೂಂ ಮೇಡಂ" ಅಂದಳು. "ಅಭ್ಯಾಸ ಆಗೋಗೈತೆ. ತಪ್ಪಾಯ್ತು."

ಡಾಕ್ಟರು ಇನ್ನೂ ಬೈದರು. ಆಮೇಲೆ ಅವರಿಗೇ ಸಾಕೆನಿಸಿತೋ ಏನೋ, ದನಿ ಇಳಿಸಿ ಕೆನ್ನೆಯನ್ನು ಮೆಲ್ಲಗೆ ಮುಟ್ಟಿ ನೋಡಿದರು. ಬಲಗಡೆ ಪೂರ್ತಿ ಸರಿಹೋಗುತ್ತದೆ, ಎಡಗಡೆ ಗುಂಡಿ ಉಳಿಯುತ್ತವೆ, ಏನೂ ಮಾಡುವ ಹಾಗಿಲ್ಲ ಅಂದರು. ಜೋರು ಮಾತ್ರೆ ಬರೆದರು. ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಆಗಬೇಕು, ತಿಂಗಳು ತಿಂಗಳು ಬರಲೇಬೇಕು, ಮಾತ್ರೆ ನಡೆಯುವಷ್ಟು ದಿನ ಮತ್ತು ನಿಂತ ಮೇಲೂ ಒಂದು ತಿಂಗಳು ಬಸಿರಾಗಲೇಬಾರದು, ಮದುವೆ ಏನಾದರೂ ಗೊತ್ತಾಗಿದೆಯಾ ಅಂತ ಕೇಳಿದರು.

"ಇಲ್ಲ ಮೇಡಂ, ಆ ಗಲಾಟೆ ಇಲ್ಲ" ಅಂದಳು.

"ಇನ್ನು ಮೇಲೆ ಫೋಟೊ ಬೇಡ. ನೀನೇ ಬಾ" ಅಂದರು ಡಾಕ್ಟರು.

ಹೊರಗೆ ಬಂದು ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತೆವು. ನಾನು ಬಾಯಿ ತೆರೆದೆ, "ಸುಚಿತ್ರಾ, ನಾನು" ಅನ್ನುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು.

"ಬಿಡ್ರಿ ಸರ್. ನಿಮಗೋಸ್ಕರ ಒಪ್ಕಂಡಿದ್ದಲ್ಲ. ನಾಳೆ ಬೆಳಿಗ್ಗೆ ನಂಗೆ ಕೆಲಸ ಬೇಕಲ್ಲ. ನಿಮ್ಮನ್ನ ಅಲ್ಲಿ ನಿಲ್ಲಿಸಿ ಅವಮಾನ ಮಾಡಿದ್ರೆ ನಾಳೆ ನಿಮ್ಮ ಮುಖ ನೋಡ್ಕಂಡು ಹೆಂಗೆ ಕುಂತ್ಕಳ್ಳಿ?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ದಿನವಿಡೀ ಹೊರೆ ಹೊತ್ತವರು ಸಂಜೆ ಮಾತಾಡುವ ಹಾಗೆ ಮಾತಾಡಿದಳು.

"ಔಷಧಿ ಎಲ್ಲ ನಾನು ಕೊಡಿಸ್ತೀನಿ. ರಜೆಗೆ ಸಂಬಳ ಹಿಡಿಯಲ್ಲ" ಅಂದೆ.

ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. "ಕೊಡಿಸ್ರಿ" ಅಂದಳು. "ಅದು ನೀವು ಕೊಡ್ಬೇಕಾದ್ದೇ." ಚೀಟಿಯನ್ನು ಮಡಚಿ ಚೀಲಕ್ಕೆ ಹಾಕುತ್ತಾ, "ನಮ್ಮವ್ವಂಗೆ ಹೇಳಬ್ಯಾಡ್ರಿ. ಹೋಳಿಗೆ ತಂದುಕೊಟ್ಟಾಳೆ ನಿಮಗೆ" ಅಂದಳು.

ಸರ್ಕಾರಿ ಬಸ್ಸು ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಖಾಸಗಿ ಬಸ್ಸಿಗೆ ಹೋಗಾಣ, ನಾನು ಟಿಕೆಟ್ ತೆಗೀತೀನಿ ಅಂದೆ. ಬೇಡ ಅಂದಳು. ಕಾದೆವು.

ಜೋರು ಮಾತ್ರೆ ಆರು ತಿಂಗಳು ನಡೆಯಿತು. ತುಟಿ ಒಡೆದು ಮಾತಾಡಿದರೆ ರಕ್ತ ಜಿನುಗುತ್ತಿತ್ತು. ಪುಟ್ಟಕ್ಕ ಬೆಣ್ಣೆ ಹಚ್ಚಿ ಕಳಿಸುತ್ತಿದ್ದರು, ಅದು ಬಸ್ಸಿನ ಧೂಳಿಗೆ ಅಂಟಿ ಬರುತ್ತಿತ್ತು. ಬಿಸಿಲಿಗೆ ಮುಖ ಉರಿಯುತ್ತದೆ ಅಂತ ಬೇಸಿಗೆಯಲ್ಲೂ ತಲೆ ತುಂಬ ವೇಲ್ ಸುತ್ತಿಕೊಂಡು ಬಂದಳು. ಬೇಕರಿಯವನು ಏನಮ್ಮ ಹೊಲಕ್ಕೆ ಹೊಂಟೆಯಾ ಅಂತ ರೇಗಿಸುತ್ತಿದ್ದ. ತಿಂಗಳಿಗೊಂದು ಮಂಗಳವಾರ ದುರ್ಗಕ್ಕೆ ಹೋಗಿ ಬರುತ್ತಿದ್ದಳು. ನಾಲ್ಕನೇ ತಿಂಗಳ ಹೊತ್ತಿಗೆ ಹೊಸ ಗಂಟು ಏಳುವುದು ನಿಂತಿತು. ಆರನೇ ತಿಂಗಳು ಮುಗಿದಾಗ ಬಲಗೆನ್ನೆ ತಿಳಿಯಾಗಿತ್ತು. ಎಡಗೆನ್ನೆಯಲ್ಲಿ ಏಳು ಗುಂಡಿ ಉಳಿದವು. ಎರಡು ಆಳವಾದವು, ಐದು ಸಣ್ಣವು. ಮಾಸ್ಕ್ ಹೋಯಿತು.

ಅಂಗಡಿಯಲ್ಲಿ ನಾವು ಮೊದಲಿನ ಹಾಗೆಯೇ ಇದ್ದೆವು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲಸದ ಮಾತು ಆಡುತ್ತಿದ್ದೆವು. ಇದು ನಿಮ್ಮ ಕೈಯಿಂದು ಅನ್ನುವ ತಮಾಷೆ ಮತ್ತೆ ಬರಲಿಲ್ಲ. ಡಾಕ್ಟರಿಗೆ ನಿಜ ಹೇಳಬೇಕು ಅಂತ ಪ್ರತಿ ತಿಂಗಳೂ ಅಂದುಕೊಳ್ಳುತ್ತಿದ್ದೆ. ಪ್ರತಿ ತಿಂಗಳೂ ಅವಳು ಒಬ್ಬಳೇ ಹೋಗಿ ಬರುತ್ತಿದ್ದಳು. ಅಲ್ಲಿ ಅವರು ಅವಳನ್ನು ಸುಳ್ಳುಗಾರ್ತಿ ಅಂತಲೇ ತಿಳಿದು ಔಷಧಿ ಕೊಡುತ್ತಿದ್ದರು. ಮಾತ್ರೆ ಸರಿಯಾಗಿ ನುಂಗುತ್ತಿದ್ದೀಯಾ ಅಂತ ಪ್ರತಿ ಸಲ ಎರಡೆರಡು ಬಾರಿ ಕೇಳುತ್ತಾರೆ, ಖಾಲಿ ಸ್ಟ್ರಿಪ್ ತಂದು ತೋರಿಸು ಅನ್ನುತ್ತಾರೆ ಅಂತ ಒಮ್ಮೆ ಅವಳೇ ಹೇಳಿದಳು. ದೂರು ಹೇಳಿದ್ದಲ್ಲ, ಚೀಲದಿಂದ ಖಾಲಿ ಸ್ಟ್ರಿಪ್ ಯಾಕೆ ಬಿತ್ತು ಅಂತ ನಾನು ಕೇಳಿದ್ದಕ್ಕೆ ಹೇಳಿದ್ದು.

ಹೋದ ಸೋಮವಾರ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಬಂದಳು. ಚಿಕ್ಕಜಾಜೂರಿನ ಪಂಚಾಯ್ತಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಕರೆದಿದ್ದಾರಂತೆ. ಸಿಕ್ಕರೆ ಬಸ್ಸಿನ ಕಾಟ ಇರುವುದಿಲ್ಲ, ಅವ್ವನಿಗೂ ಹತ್ತಿರ. "ಅರ್ಜಿಗೆ ಫೋಟೊ ಬೇಕು ಸರ್" ಅಂದಳು.

ಸ್ಟೂಲಿನ ಮೇಲೆ ಕುಳಿತಳು. ಈ ಸಲ ಕಣ್ಣು ತಗ್ಗಿಸಲಿಲ್ಲ. ಒಂದೇ ಫೋಟೊ ತೆಗೆದೆ. ಕಂಪ್ಯೂಟರಿನಲ್ಲಿ ತೆರೆದಾಗ ಅವಳು ಬಂದು ನನ್ನ ಹಿಂದೆ ನಿಂತಳು. ಎಡಗೆನ್ನೆ ಸ್ಕ್ರೀನಿನ ಮೇಲೆ ಅಂಗೈ ಅಗಲ ಕಾಣುತ್ತಿತ್ತು. ನನ್ನ ಕೈ ಮೌಸಿನ ಮೇಲೆ ಇತ್ತು, ಮೊದಲ ಸಲ ಅದು ತಾನಾಗಿ ಕಲೆಯ ಕಡೆ ಹೋಗಲಿಲ್ಲ.

"ಲೈಟಾಗಿ ಮಾಡ್ಲೇನಮ್ಮ?" ಕೇಳಿದೆ.

"ಬ್ಯಾಡ ಸರ್. ಫೋಟೊ ನೋಡಿ, ನನ್ನ ನೋಡಿ, ಇದು ಯಾರ ಮುಖ ಅಂತ ಅಲ್ಲೂ ಕೇಳಿದ್ರೆ ನನ್ನ ಕೈಲಾಗಲ್ಲ. ಒಂದ್ಸಲ ಸಾಕಾಗೈತೆ."

ಏಳ್ರಿ ಅಂದಳು, ಎದ್ದೆ. ಅವಳೇ ಕುಳಿತು ಅಳತೆ ಸರಿಮಾಡಿ ಎಂಟು ಪ್ರತಿ ತೆಗೆದಳು, ಕತ್ತರಿಸಿದಳು, ಕವರಿಗೆ ಹಾಕಿದಳು. ಪರ್ಸ್ ತೆಗೆದು ಐವತ್ತು ರೂಪಾಯಿಯ ನೋಟನ್ನು ಗಲ್ಲಾದಲ್ಲಿ ಇಟ್ಟಳು. ನಾನು ಬೇಡ ಬೇಡ ಅಂದೆ. "ಔಷಧಿ ಬೇರೆ ಸರ್, ಇದು ಬೇರೆ" ಅಂದು ಅರ್ಜಿ ಕೊಟ್ಟು ಬರಲು ಹೊರಟಳು.

ಅವಳು ಬಸ್ಸು ಹತ್ತುವುದು ಅಂಗಡಿಯಿಂದ ಕಾಣುತ್ತದೆ. ಸರ್ಕಾರಿ ಬಸ್ಸೇ ಬಂತು, ಬೇಗ ಬಂತು. ಬಸ್ಸು ತಿರುಗಿ ಮರೆಯಾದ ಮೇಲೆ ನಾನು ಫೋನ್ ತೆಗೆದೆ. ಡಾಕ್ಟರ ಹೆಸರು ಕೆಳಗೆ ಕೆಳಗೆ ಹೋಗಿತ್ತು. ಹುಡುಕಿ ತೆಗೆದರೆ ಮೇಲೆ ಅದೇ ಫೋಟೊಗಳು, ಜುಲೈ, ಆಗಸ್ಟ್, ಸೆಪ್ಟೆಂಬರ್, ಕೆಳಗೆ ತುಂಬಾ ಸುಧಾರಿಸಿದೆ ಅನ್ನುವ ಅವರ ಮಾತು. ಅದರ ಕೆಳಗೆ ಬರೆಯತೊಡಗಿದೆ.

ಮೊದಲು ದೊಡ್ಡದಾಗಿ ಬರೆದೆ, ತಿಪ್ಪೇರುದ್ರಪ್ಪನವರ ಮಾತು, ಅಭ್ಯಾಸ, ವಯಸ್ಸು ಎಲ್ಲ ಸೇರಿಸಿ. ನನಗೇ ಹೇಸಿಗೆಯಾಗಿ ಅಳಿಸಿದೆ. ಸ್ವಲ್ಪ ಚಂದ ಮಾಡಿ ಬರೆದೆ, ಅದನ್ನೂ ಅಳಿಸಿದೆ. ಹೀಗೆ ನಾಲ್ಕು ಸಲವಾಯಿತು. ಕೊನೆಗೆ, ಮೇಡಂ, ಈ ಫೋಟೊಗಳನ್ನು ತಿದ್ದಿದ್ದು ಸುಚಿತ್ರಾ ಅಲ್ಲ, ಸ್ಟುಡಿಯೊ ಮಾಲೀಕನಾದ ನಾನು, ಅವಳಿಗೆ ಗೊತ್ತೇ ಇರಲಿಲ್ಲ, ಆ ದಿನ ನಾನು ಬಾಗಿಲ ಪಕ್ಕ ನಿಂತಿದ್ದೆ, ಹೇಳಲಿಲ್ಲ ಅಂತ ಬರೆದೆ. ಈ ಸಲ ಅಳಿಸದೆ ಕಳಿಸಿದೆ.